ಸರ್ಪಗಂಧ, ಮೊಲ ಮತ್ತು ಸ್ಕಿಝೋಫ್ರೇನಿಯಾದ ಮಾತ್ರೆ

"ಮಾತ್ರೆ ಶುರುವಾದ ಮೇಲೆ ಮಗನ ಕೈಕಾಲು ಬಿಗಿಯಾಗಿದೆ ಡಾಕ್ಟ್ರೇ. ಅದನ್ನು ನಿಲ್ಲಿಸಿ ಸರ್ಪಗಂಧದ ಬೇರಿನ ಪುಡಿ ಕೊಡಬಹುದಾ?" ಸುಬ್ರಹ್ಮಣ್ಯ ಕಡೆಯಿಂದ ಬರುವ ತಾಯಂದಿರು ಹೀಗೆ ಕೇಳುವುದುಂಟು. ಯುನಾನಿ ವೈದ್ಯನಾದ ನಾನು ಹೌದೆನ್ನುತ್ತೇನೆಂದು ಅವರ ನಿರೀಕ್ಷೆ. ನಾನು ಬೇಡ ಎನ್ನುತ್ತೇನೆ. ಕಾರಣ ಹೇಳಲು ಒಂದು ಮೊಲದ ಕಥೆ ಬೇಕು.

ನಮ್ಮ ಘಟ್ಟದ ಕಾಡಿನಲ್ಲೂ ಬೆಳೆಯುವ ಸರ್ಪಗಂಧಕ್ಕೆ ಯುನಾನಿಯಲ್ಲಿ ಅಸ್ರೋಲ್ ಎಂದು ಹೆಸರು. ಉನ್ಮಾದಕ್ಕೆ ಹಕೀಮರು, ವೈದ್ಯರು ಇದನ್ನು ಬಹುಕಾಲದಿಂದ ಕೊಡುತ್ತಿದ್ದರು. 1931ರಲ್ಲಿ ಸಲೀಮುಝ್ಝಮಾನ್ ಸಿದ್ದೀಕಿ ಇದರ ಬೇರಿನಿಂದ ಬೇರ್ಪಡಿಸಿದ ಒಂದು ಅಂಶಕ್ಕೆ ಹಕೀಮ್ ಅಜ್ಮಲ್ ಖಾನರ ನೆನಪಿನಲ್ಲಿ ಅಜ್ಮಲೀನ್ ಎಂದು ಹೆಸರಿಟ್ಟರು. 1952ರಲ್ಲಿ ಸ್ವಿಟ್ಝರ್ಲೆಂಡಿನಲ್ಲಿ ಇದೇ ಬೇರಿನಿಂದ ರಿಸರ್ಪಿನ್ ಸಿಕ್ಕಿತು.

1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲ ಮತ್ತು ಇಲಿಗಳಿಗೆ ರಿಸರ್ಪಿನ್ ಕೊಟ್ಟರು. ಅವು ಅಲ್ಲಾಡದೆ ಕುಳಿತುಬಿಟ್ಟವು. ಡೋಪಮೈನ್ ತಯಾರಾಗಲು ಬೇಕಾದ ಎಲ್-ಡೋಪಾ ಚುಚ್ಚಿದೊಡನೆ ಮತ್ತೆ ಓಡಾಡತೊಡಗಿದವು. ಮಿದುಳಿನಲ್ಲಿ ಡೋಪಮೈನ್ ತಗ್ಗಿದರೆ ಚಲನೆ ನಿಲ್ಲುತ್ತದೆ ಎಂಬುದು ಹೀಗೆ ತಿಳಿಯಿತು. ಸ್ಕಿಝೋಫ್ರೇನಿಯಾದ ಮಾತ್ರೆಗಳು ಡೋಪಮೈನ್‌ನ ಕೆಲಸವನ್ನು ತಡೆಯುತ್ತವೆ ಎಂಬ ಸುಳಿವನ್ನೂ ಅವರೇ 1963ರಲ್ಲಿ ಇಲಿಗಳಲ್ಲಿ ಕಂಡರು. 2000ದಲ್ಲಿ ಅವರಿಗೆ ನೊಬೆಲ್ ಬಂತು.

ಅಂದರೆ ಆ ಮಗನ ಕೈಕಾಲಿನ ಬಿಗಿತ ರೋಗ ಉಲ್ಬಣಿಸಿದ್ದಲ್ಲ, ಜಿನ್ನ್ ಹಿಡಿತವೂ ಅಲ್ಲ. ಮೊಲಕ್ಕೆ ಆದದ್ದರ ಸಣ್ಣ ರೂಪ ಅದು. ಪ್ರಮಾಣ ತಗ್ಗಿಸಿ, ಇನ್ನೊಂದು ಮಾತ್ರೆ ಸೇರಿಸಿ ಅಥವಾ ಮದ್ದು ಬದಲಿಸಿ ವೈದ್ಯರು ಅದನ್ನು ಹತೋಟಿಗೆ ತರಬಲ್ಲರು. ಬಿಗಿತ ತೀರಾ ಕಡಿಮೆ ಇರುವ ಕ್ಲೋಝಪಿನ್ ಕೂಡ ಇದೆ. ಆದರೆ ಬಿಳಿ ರಕ್ತಕಣ ಕುಸಿಯುವ ಅಪಾಯವಿರುವುದರಿಂದ ಆಗಾಗ ರಕ್ತಪರೀಕ್ಷೆ ಬೇಕು.

ಹಾಗೆಂದು ಇಲಿಗೆ ಸ್ಕಿಝೋಫ್ರೇನಿಯಾ ಬರುತ್ತದೆಯೇ? ಇಲ್ಲ. ಕಿವಿಯಲ್ಲಿ ಯಾರೋ ಮಾತನಾಡುತ್ತಾರೆಂದು ಅದು ಹೇಳಲಾರದು. ಅಳೆಯಲಾಗುವುದು ತುಣುಕುಗಳು ಮಾತ್ರ. ದೊಡ್ಡ ಸದ್ದಿಗೆ ಸ್ವಲ್ಪ ಮೊದಲು ಮೆಲುಸದ್ದು ಕೇಳಿಸಿದರೆ ನಾವು ಬೆಚ್ಚುವುದು ಕಡಿಮೆ. ಅನೇಕ ರೋಗಿಗಳಲ್ಲಿ ಈ ತಡೆ ಸಡಿಲ, ಕೆಲವು ಮದ್ದು ಕೊಟ್ಟ ಇಲಿಗಳಲ್ಲೂ ಹಾಗೆಯೇ. ಹೊಸ ಔಷಧಗಳನ್ನು ಇಂಥ ಇಲಿಗಳಲ್ಲಿ ಪರೀಕ್ಷಿಸುತ್ತಾರೆ. ಇಲಿಯಲ್ಲಿ ಗೆದ್ದ ಹಲವು ಮದ್ದುಗಳು ಮನುಷ್ಯರಲ್ಲಿ ಸೋತಿವೆ. ಮಂಕುತನ, ಯಾರೊಂದಿಗೂ ಬೆರೆಯದಿರುವುದು ಇಂಥವಕ್ಕೆ ಇನ್ನೂ ಒಳ್ಳೆಯ ಮದ್ದಿಲ್ಲ. (ಮೂಕಜೀವಿಗೆ ವಿನಾಕಾರಣ ನೋವು ಕೊಡಬಾರದೆಂಬುದು ನಮ್ಮ ದೀನಿನ ಕಟ್ಟಳೆ. ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೂ ಇಂಥ ಪ್ರಯೋಗಗಳಿಗೆ ಸಮಿತಿಯ ಕಣ್ಗಾವಲು ಇಟ್ಟಿದೆ.)

ಸರ್ಪಗಂಧದ ಪುಡಿ ಮನೆಯಲ್ಲಿ ಏಕೆ ಬೇಡ? ಅದು ರಕ್ತದೊತ್ತಡ ಇಳಿಸುತ್ತದೆ, ಕೆಲವರನ್ನು ಖಿನ್ನತೆಗೆ ತಳ್ಳುತ್ತದೆ. ಬಿಗಿತವಂತೂ ಹೆಚ್ಚೇ ಆಗಬಹುದು. ದುಆ ಮಾಡಿ, ಉಸ್ತಾದರಿಂದ ಓದಿಸಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ. ಬಿಗಿತ ಯಾವಾಗ ಶುರುವಾಯಿತೆಂದು ಚೀಟಿಯಲ್ಲಿ ಬರೆದು, ಮದ್ದು ಕೊಟ್ಟ ವೈದ್ಯರಿಗೇ ತೋರಿಸಿ. ತಕ್ಷಣ ಹೋಗಲಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು.