ಸುಳಿವು ಹೊತ್ತು ನಡೆಯುವ ಕೋಶ

ಬರಿಗಾಲಿಗೆ ಮುಳ್ಳು ಚುಚ್ಚಿ ಕೀವಾದರೆ ಎರಡು ಮೂರು ದಿನದಲ್ಲಿ ತೊಡೆಸಂದಿನಲ್ಲಿ ಗಂಟು ಕಟ್ಟುವುದುಂಟು. ಗಾಯ ಪಾದದಲ್ಲಿ, ಗಂಟು ಅಷ್ಟು ಮೇಲೆ! ಊದಿಕೊಂಡದ್ದು ದುಗ್ಧಗ್ರಂಥಿ. ಸೋಂಕಿನ ಸುದ್ದಿ ಅಲ್ಲಿಗೆ ಮುಟ್ಟಿದೆ. ಮುಟ್ಟಿಸುವ ಮುಖ್ಯ ಹೊಣೆ ಡೆಂಡ್ರಿಟಿಕ್ ಕೋಶಗಳದ್ದು.

ಮರದ ಕೊಂಬೆಗಳಂತೆ ಚಾಚಿದ ತೋಳುಗಳಿಂದಾಗಿ ಈ ಹೆಸರು. ಚರ್ಮದಲ್ಲಿರುವ ಇವುಗಳ ಬಂಧುಗಳನ್ನು ಪೌಲ್ ಲ್ಯಾಂಗರ್‌ಹಾನ್ಸ್ 1868ರಲ್ಲೇ ಕಂಡಿದ್ದ, ಆದರೆ ನರಕೋಶಗಳೆಂದು ಭಾವಿಸಿದ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ರಾಲ್ಫ್ ಸ್ಟೈನ್‌ಮನ್ ಮತ್ತು ಝಾನ್ವಿಲ್ ಕೋನ್ 1973ರಲ್ಲಿ ಇಲಿಯ ಗುಲ್ಮದಲ್ಲಿ ಇಂಥ ಕೋಶಗಳನ್ನು ಗುರುತಿಸಿದರು. ಸ್ಟೈನ್‌ಮನ್‌ಗೆ 2011ರ ನೊಬೆಲ್ ಘೋಷಣೆಯಾದಾಗ ಅವರು ತೀರಿಕೊಂಡು ಮೂರು ದಿನವಾಗಿತ್ತು.

ಕೋಶದ ಹೊರಮೈಯಲ್ಲಿ ಎಂಎಚ್‌ಸಿ–2 ಎಂಬ ಪ್ರೋಟೀನುಗಳು ನಿಂತಿರುತ್ತವೆ. ಪ್ರತಿಯೊಂದರ ತಲೆಯಲ್ಲೂ ಒಂದು ಕೊರಕಲು. ಸೂಕ್ಷ್ಮಾಣುವಿನ ಪ್ರೋಟೀನಿನ ಚೂರನ್ನು ಅದರಲ್ಲಿಟ್ಟುಕೊಂಡು ರೋಗದ ವಿರುದ್ಧ ಹೋರಾಡುವ ಟಿ ಕೋಶಗಳಿಗೆ ತೋರಿಸುವುದು ಇದರ ಕೆಲಸ. ತಯಾರಾಗುವಾಗಲೇ ಇನ್ನೊಂದು ಪ್ರೋಟೀನು ಬಂದು ಕೊರಕಲಿಗೆ ಬೆಣೆ ಹೊಡೆದಂತೆ ಕೂರುತ್ತದೆ. ಇಲ್ಲದಿದ್ದರೆ ದಾರಿಯಲ್ಲಿ ಸಿಕ್ಕ ಚೂರೆಲ್ಲ ಅಂಟಿಕೊಂಡೀತು. ಕೋಶ ನುಂಗಿದ್ದು ಕರಗುವ ಆಮ್ಲದ ಚೀಲವನ್ನು ಎಂಎಚ್‌ಸಿ–2 ಸೇರಿದ ಮೇಲೆ ಕಿಣ್ವಗಳು ಬೆಣೆಯನ್ನು ಕತ್ತರಿಸುತ್ತವೆ. ಉಳಿದ ತುಂಡನ್ನು ಎಚ್‌ಎಲ್‌ಎ–ಡಿಎಂ ಎಂಬ ಸಹಾಯಕ ಕಿತ್ತು, ಗಟ್ಟಿಯಾಗಿ ಕೂರುವ ಚೂರಿಗೆ ಜಾಗ ಮಾಡಿಕೊಡುತ್ತದೆ.

ಸೋಂಕಿಲ್ಲದ ದಿನಗಳಲ್ಲಿ ಹೀಗೆ ಚೂರು ಹೊತ್ತು ಹೊರಮೈಗೆ ಬಂದ ಎಂಎಚ್‌ಸಿ–2 ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮಾರ್ಚ್–1 ಎಂಬ ಕಿಣ್ವ ಅದರ ಬಾಲಕ್ಕೆ ಯುಬಿಕ್ವಿಟಿನ್ ಎಂಬ ಗುರುತು ಹಚ್ಚುತ್ತದೆ. ಗುರುತು ಬಿದ್ದದ್ದು ಒಳಗೆ ಹೋಗಿ ಲೈಸೋಸೋಮಿನಲ್ಲಿ ಕರಗುತ್ತದೆ, ಹೊಸದು ಮೇಲೆ ಬರುತ್ತದೆ.

ಬ್ಯಾಕ್ಟೀರಿಯಾದ ವಾಸನೆ ಬಡಿದದ್ದೇ ತಡ, ಈ ಓಡಾಟ ನಿಲ್ಲುತ್ತದೆ. ಮೊದಲು ತಯಾರಿಕೆ ಒಮ್ಮೆಲೇ ಏರುತ್ತದೆ, ಆಮೇಲೆ ಇಳಿಯುತ್ತದೆ. ಮಾರ್ಚ್–1 ಕೂಡ ಕಡಿಮೆಯಾಗುತ್ತದೆ. ಮನುಷ್ಯರ ಕೋಶಗಳಲ್ಲಿ 1997ರಲ್ಲಿ ಅಳೆದಾಗ ಎಂಎಚ್‌ಸಿ–2ರ ಅರ್ಧಾಯುಷ್ಯ ಸುಮಾರು 10 ಗಂಟೆಯಿಂದ 100 ಗಂಟೆಯ ಆಚೆಗೆ ಜಿಗಿದಿತ್ತು. ಇದರ ಔಚಿತ್ಯ ಬೆರಗು ಹುಟ್ಟಿಸುವಂಥದ್ದು. ಪಾದದಿಂದ ತೊಡೆಸಂದಿಗೆ ನಡೆಯುವಷ್ಟರಲ್ಲಿ ಹಳೆಯದು ಕರಗಿ ಹೊಸದು ಬಂದಿದ್ದರೆ, ಗ್ರಂಥಿ ಸೇರಿದ ಕೋಶ ಗಾಯದ ಬ್ಯಾಕ್ಟೀರಿಯಾದ ಬದಲು ದಾರಿಯಲ್ಲಿ ನುಂಗಿದ್ದನ್ನೇ ತೋರಿಸುತ್ತಿತ್ತು.

ಹಾಗಾದರೆ ಮಾರ್ಚ್–1 ಇಲ್ಲದಿದ್ದರೇ ಒಳ್ಳೆಯದಲ್ಲವೇ? ಅದನ್ನು ತೆಗೆದುಹಾಕಿದ ಇಲಿಗಳ ಡೆಂಡ್ರಿಟಿಕ್ ಕೋಶಗಳ ಮೈತುಂಬ ಎಂಎಚ್‌ಸಿ–2 ಕಿಕ್ಕಿರಿದಿತ್ತು. ಆದರೆ ಟಿ ಕೋಶಗಳನ್ನು ಎಬ್ಬಿಸುವ ಅವುಗಳ ಶಕ್ತಿ ಹೆಚ್ಚಲಿಲ್ಲ, ಕುಗ್ಗಿತ್ತು.