ಶಾಮಿಯಾನ ಬಿಚ್ಚಿದ ಮೇಲೆ

ಚಾರ್ಮಾಡಿ ಘಾಟಿಯ ಬುಡದ ಬೆಳ್ತಂಗಡಿ ಸೀಮೆಯಿಂದ ಮೂಡಿಗೆರೆ, ಕಳಸದ ಕಾಫಿ ಗುಡ್ಡಗಳಿಗೆ ಹತ್ತಿ ಬಂದವುಗಳಲ್ಲಿ ಮದ್ಯವರ್ಜನ ಶಿಬಿರವೂ ಒಂದು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಶುರುವಾದದ್ದು 1982ರಲ್ಲಿ. ಅದರ ಬೆನ್ನಿಗೆ ಹುಟ್ಟಿದ ಜನಜಾಗೃತಿ ವೇದಿಕೆ ಊರೂರಿನ ಕಲ್ಯಾಣ ಮಂಟಪ, ಸಮುದಾಯ ಭವನಗಳಲ್ಲಿ ಶಿಬಿರ ನಡೆಸುತ್ತ ಬಂದಿದೆ. ವಾರದ ಮಟ್ಟಿಗೆ ಕುಡುಕರು ಅಲ್ಲೇ ಉಳಿಯುತ್ತಾರೆ. ಊರಿನವರೇ ಸಮಿತಿ ಮಾಡಿಕೊಂಡು ಅಕ್ಕಿ, ತರಕಾರಿ, ದುಡ್ಡು ಹೊಂದಿಸುತ್ತಾರೆ. ಹೊರಗಿನ ಅನುದಾನ ನಿಂತರೆ ಕಾರ್ಯಕ್ರಮವೂ ನಿಲ್ಲುವ ಕಾಯಿಲೆ ಈ ಶಿಬಿರಕ್ಕೆ ಅಷ್ಟಾಗಿ ತಗುಲದಿರುವುದು ಅದರಿಂದಲೇ.

ಆದರೆ ಶಿಬಿರ ಉಳಿಯುವುದು ಬೇರೆ, ಚಿಕಿತ್ಸೆ ಉಳಿಯುವುದು ಬೇರೆ.

ದಿನವೂ ಕುಡಿಯುವವನು ಒಮ್ಮೆಲೇ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಹಾರುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರನೆಯ ದಿನಕ್ಕೆ ಇಲ್ಲದ್ದು ಕಾಣುವುದು, ಊರು ಹೊತ್ತು ತಿಳಿಯದಾಗುವುದು ಉಂಟು. ಜೀವ ಹೋಗುವುದೂ ಉಂಟು. ಇದಕ್ಕೆ ಡಯಾಜೆಪಾಮ್ ಗುಂಪಿನ ಮಾತ್ರೆ, ಥಯಾಮಿನ್ ವಿಟಮಿನ್, ನೋಡಿಕೊಳ್ಳುವ ವೈದ್ಯರು ಬೇಕು. ಭಜನೆ, ಪ್ರತಿಜ್ಞೆ ಮನಸ್ಸಿಗೆ ಬಲ ಕೊಟ್ಟಾವು, ಫಿಟ್ಸ್ ತಡೆಯಲಾರವು. ಇಷ್ಟು ದಾಟಿದ ಮೇಲೆ ನಿಜವಾದ ಕೆಲಸ ಶುರು. ಬಯಕೆ ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಔಷಧ, ಎಡವಿ ಮತ್ತೆ ಕುಡಿದವನನ್ನು ಬೈಯದೆ ಕರೆತರುವುದು, ಮನೆಯವರೊಡನೆ ಮಾತು, ಇವೆಲ್ಲ ಕಡಿಮೆಯೆಂದರೂ ಒಂದು ವರ್ಷ ನಡೆಯಬೇಕು. ಹಣ ಮುಗಿದಾಗ ಮೊದಲು ಕಡಿತವಾಗುವುದು ಈ ವರ್ಷವೇ. ಆಪ್ತಸಮಾಲೋಚಕರ ಹುದ್ದೆ ಹೋಗುತ್ತದೆ, ಮನೆಭೇಟಿ ನಿಲ್ಲುತ್ತದೆ. ಬ್ಯಾನರು, ಹಾರ, ಸಮಾರೋಪ ಮಾತ್ರ ಉಳಿಯುತ್ತವೆ. ಹೆಸರು ಹಳೆಯದೇ, ಒಳಗಿನ ಮದ್ದು ಇಲ್ಲ. ಕಾರ್ಯಕ್ರಮ ಪೂರಾ ಮುಚ್ಚಿಹೋಗುವುದಕ್ಕಿಂತ ಇದು ಹೆಚ್ಚು ಅಪಾಯ ಎಂದು ನನಗನಿಸುತ್ತದೆ. ಮುಚ್ಚಿದ್ದು ಎಲ್ಲರಿಗೂ ಕಾಣುತ್ತದೆ, ಇದು ಕಾಣುವುದಿಲ್ಲ.

ಕಾಫಿ ಸೀಮೆಯಲ್ಲಿ ಆ ಒಂದು ವರ್ಷವನ್ನು ಕಾಯುವುದು ಕಷ್ಟ. ವಾರದ ಬಟವಾಡೆ ಕೈಗೆ ಬಿದ್ದ ಸಂಜೆಯೇ ಪರೀಕ್ಷೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಆದರೆ ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕ್ ಅಂಗಿಯ ಜೇಬಿನಲ್ಲೇ ಹಿಡಿಸುತ್ತದೆ. ನವೆಂಬರಿನಿಂದ ಹಣ್ಣು ಕೊಯ್ಲು. ಅದು ಮುಗಿದರೆ ಆಳು ಇನ್ನೊಂದು ತೋಟಕ್ಕೋ ಊರಿಗೋ ಹೊರಟ. ತೋಟದ ಆಳುಗಳ ಸಾಲುಮನೆ, ಅಂದರೆ ಲೈನ್ ಮನೆಯ ಬಾಗಿಲಿಗೆ ಹೋದ ಕಾರ್ಯಕರ್ತೆಗೆ ಬೀಗ ಸಿಗುತ್ತದೆ.

ಹಾಗಾದರೆ ಕಡಿಮೆ ಖರ್ಚಿನಲ್ಲಿ ಯಾರು ಮಾಡಬಹುದು? ಗೋವಾದಲ್ಲಿ ಸಂಗಾತ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆಸಿದ ಪರೀಕ್ಷೆಯ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಅಲ್ಲಿ ಸಮಾಲೋಚನೆ ಮಾಡಿದವರು ಮನಶ್ಶಾಸ್ತ್ರ ಓದಿದವರಲ್ಲ, ತರಬೇತಿ ಪಡೆದ ಸಾಮಾನ್ಯರು. ಹೆಚ್ಚೆಂದರೆ ನಾಲ್ಕು ಭೇಟಿ. 377 ಗಂಡಸರ ಪೈಕಿ, ಮೂರು ತಿಂಗಳಿಗೆ ಕುಡಿತ ಹತೋಟಿಗೆ ಬಂದವರು ಸಮಾಲೋಚನೆ ಸಿಕ್ಕ ಗುಂಪಿನಲ್ಲಿ ನೂರಕ್ಕೆ 36, ಸಿಗದ ಗುಂಪಿನಲ್ಲಿ 26. ಒಂದು ಎಚ್ಚರ: ಇವರು ಕುಡಿತದಿಂದ ಕೆಡುಕು ಅನುಭವಿಸುತ್ತಿದ್ದವರು, ಪೂರ್ತಿ ದಾಸರಾದವರಲ್ಲ. ದಾಸರಾದವರಿಗೆ ಔಷಧ, ವೈದ್ಯರು ಬೇಕೇ ಬೇಕು.

ವೈದ್ಯರ ಭಾಗಕ್ಕೆ ದಾರಿ ತೋರಿಸಿದ್ದು ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಮಾನಸಿಕ ಕಾಯಿಲೆಗಳ ತರಬೇತಿ ಕೊಟ್ಟು, ಮಾತ್ರೆಗಳು ಅಲ್ಲೇ ಸಿಗುವಂತೆ ಮಾಡಿತು. ಆ ಮಾದರಿಯಲ್ಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ಕಳಸದ ಕೂಲಿಯವನು ಒಂದು ಮಾತ್ರೆಗಾಗಿ ಚಿಕ್ಕಮಗಳೂರಿಗೆ ಹೋಗಿಬಂದರೆ ಒಂದು ದಿನದ ಸಂಬಳ ಹೋಯಿತು. ಮಾತ್ರೆ ಹತ್ತಿರದ ಸರ್ಕಾರಿ ಆಸ್ಪತ್ರೆಯ ಬೇಡಿಕೆ ಪಟ್ಟಿಯಲ್ಲೇ ಸೇರಿದರೆ ಅದು ಯೋಜನೆಯ ದುಡ್ಡಿಗೆ ಕಾಯಬೇಕಿಲ್ಲ. ದೊಡ್ಡ ತೋಟಗಳಿಗೂ ಪಾಲುಂಟು: ಕಾರ್ಮಿಕರ ವೈದ್ಯಕೀಯ ಸೌಲಭ್ಯವನ್ನು 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯೇ ಮಾಲೀಕರ ಹೊಣೆ ಮಾಡಿತ್ತು.

ವಿಚಾರಿಸಿಕೊಳ್ಳುವ ಭಾಗಕ್ಕೆ ಕುಡಿತ ಬಿಟ್ಟವರೇ ಆಸ್ತಿ. ಶಿಬಿರ ಮುಗಿಸಿದವರ ನವಜೀವನ ಸಮಿತಿಗಳು ಮಾಡುವುದು ಇದನ್ನೇ. ಆಲ್ಕೋಹಾಲಿಕ್ಸ್ ಅನಾನಿಮಸ್ 1935ರಿಂದ ನಡೆದುಬಂದದ್ದೂ ಹೀಗೆ. ಅದು ಹೊರಗಿನವರ ದೇಣಿಗೆಯನ್ನೇ ಮುಟ್ಟುವುದಿಲ್ಲ. ಬಟವಾಡೆಯ ಸಂಜೆಗೇ ಸಮಿತಿಯ ಸಭೆ ಇಟ್ಟರೆ ಪೈಸೆ ಖರ್ಚಿಲ್ಲದೆ ಅರ್ಧ ಕೆಲಸ ಆದೀತು. ಸಮಿತಿಯವರಿಗೂ ಒಂದು ಗೆರೆ ಗೊತ್ತಿರಬೇಕು: ನಡುಕ, ಫಿಟ್ಸ್, ಗೊಂದಲ ಕಂಡರೆ ಮಾತು ಬಿಟ್ಟು ಜೀಪು ಹುಡುಕುವುದು.

ಈ ಲೆಕ್ಕದಿಂದ ಹೊರಗೇ ಉಳಿದವರು ಅಸ್ಸಾಂ, ಬಂಗಾಳದಿಂದ ಬಂದ ಆಳುಗಳು. ಕನ್ನಡದ ಸಭೆ ಅವರಿಗೆ ಮುಟ್ಟದು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ, 14416, ಅವರ ಭಾಷೆಯಲ್ಲೂ ಮಾತಾಡುತ್ತದೆ. ನೆಟ್‌ವರ್ಕ್ ಸಿಗದ ಲೈನ್ ಮನೆಗಳೇ ಬಹಳವಾದ್ದರಿಂದ ತೋಟದ ಆಫೀಸಿನ ಫೋನನ್ನು ಇದಕ್ಕೂ ಬಿಟ್ಟುಕೊಡುವಂತೆ ಅಲ್ಲಿನ ಗುಮಾಸ್ತ ರೈಟರನ್ನು ಒಪ್ಪಿಸಬೇಕಾಗುತ್ತದೆ.