ಸ್ನಾನ ಆದ್ಮೇಲೆ ಮೈ ಬಿಗಿಯೋದು ಯಾಕೆ?

ಚಳಿಗಾಲದಲ್ಲಿ ಸ್ನಾನ ಮುಗಿಸಿ ಬಂದು ಮೊಣಕಾಲ ಕೆಳಗೆ ಉಗುರಲ್ಲಿ ಗೀರಿದ್ರೆ ಬಿಳಿ ಗೆರೆ ಮೂಡುತ್ತಲ್ವಾ? ಅಲ್ಲಿ ಚರ್ಮ ಒಣಗಿದೆ ಅಂತ ಅರ್ಥ.

ಚರ್ಮದ ಮೇಲ್ಪದರದ ಜೀವಕೋಶಗಳ ನಡುವೆ, ಇಟ್ಟಿಗೆ ಮಧ್ಯದ ಗಾರೆಯ ಹಾಗೆ, ಕೊಬ್ಬಿನಂಶ ಇರುತ್ತೆ. ಒಳಗಿನ ನೀರು ಆರದಂತೆ ತಡೆಯೋದು ಅದೇ. ಚರ್ಮದ ಪಿಎಚ್ ಸುಮಾರು 5. ಮಾಮೂಲಿ ಸೋಪಿನದ್ದು 9ರಿಂದ 10. ಹಾಗಾಗಿ ಸೋಪು ಕೊಳೆಯ ಜೊತೆ ಆ ಗಾರೆಯನ್ನೂ ಒಂದಿಷ್ಟು ತೊಳೆದುಬಿಡುತ್ತೆ. ಸೌಮ್ಯ ಬಾಡಿ ವಾಶ್‌ಗಳ ಪಿಎಚ್ ಚರ್ಮಕ್ಕೆ ಹತ್ತಿರ, ಹಲವದರಲ್ಲಿ ಗ್ಲಿಸರಿನ್ನೂ ಇರುತ್ತೆ. ನೊರೆ ಕಮ್ಮಿ ಬಂದ್ರೆ ಮೋಸ ಹೋದೆ ಅಂದ್ಕೋಬೇಡಿ. ನೊರೆಗೂ ಸ್ವಚ್ಛತೆಗೂ ಅಂಥಾ ನಂಟಿಲ್ಲ.

ಆದ್ರೆ ಜಾಹೀರಾತು ಏನೇ ಹೇಳಲಿ, ಇವು ಮುಖ್ಯವಾಗಿ ಇರೋ ತೇವವನ್ನ ಉಳಿಸುತ್ತವೆ ಅಷ್ಟೇ. ಸುಡುಸುಡು ನೀರಲ್ಲಿ ಅರ್ಧ ಗಂಟೆ ನಿಂತ್ರೆ ದುಬಾರಿ ಬಾಟಲಿಯೂ ದಂಡ. ಉಗುರುಬೆಚ್ಚಗಿನ ನೀರು ಸಾಕು, ಮೈ ಹಸಿ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ತುರಿಕೆಗೆ ರಾತ್ರಿ ನಿದ್ದೆ ಬರ್ತಿಲ್ಲವಾ? ಹಾಗಿದ್ರೆ ಬಾಟಲಿ ಬದಲಿಸ್ತಾ ಕೂರಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ.